ಮಗಳಿಗೊಂದು ಪತ್ರ: ಯಾವ ಪದ ಕಲಿಯಬೇಕು?

ವಿಜಯಪುರ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ಇಂಗ್ಲಿಷ್ ಪದಸಂಪತ್ತು ಬೆಳೆಸಬೇಕಂತ ದಪ್ಪನೆಯ ಪುಸ್ತಕ ತಂದು, ದಿನಕ್ಕೆ ಐವತ್ತು ಪದ ಬಾಯಿಪಾಠ ಮಾಡ್ತೀನಿ ಅಂದಿ. ನಿನ್ನ ಹಟ ಕಂಡು ಖುಷಿಯಾಯಿತು. ಆದರೆ ಆ ಪುಸ್ತಕ ಸದ್ಯಕ್ಕೆ ಕಪಾಟಿನಲ್ಲಿಡು.

ನಿನ್ನ ತೋಟಗಾರಿಕೆ ಓದಿಗಾಗಿ ದ್ರಾಕ್ಷಿಯ ಮೇಲಿನ ಇಂಗ್ಲಿಷ್ ಲೇಖನ ಓದುವಾಗ ನೀ ತಡವರಿಸಿದ್ದು ಎಲ್ಲಿ? ಡೌನಿ ಮಿಲ್ಡ್ಯೂ ಅನ್ನುವಲ್ಲಿ ಅಲ್ಲ. ತಿಕೋಟಾ ಕಡೆಯ ಬೆಳೆಗಾರರೆಲ್ಲ ಆ ರೋಗದ ಹೆಸರು ಬಲ್ಲರು. ನಿನ್ನನ್ನು ನಿಲ್ಲಿಸಿದ್ದು 'ಸಬ್ಸಿಕ್ವೆಂಟ್' (ನಂತರದ), 'ಡಿರೈವ್' (ಒಂದರಿಂದ ಪಡೆ), 'ಅಡ್ಜೇಸೆಂಟ್' (ಪಕ್ಕದ). ಇವು ತೋಟಗಾರಿಕೆಗಷ್ಟೇ ಸೇರಿದವಲ್ಲ, ಇತಿಹಾಸ, ಕಾನೂನು, ವಿಜ್ಞಾನ ಎಲ್ಲದರ ಬರಹದಲ್ಲೂ ಬರುತ್ತವೆ. ಅದಕ್ಕೇ ಯಾವ ವಿಷಯದ ಮಾಸ್ತರರೂ ಇವನ್ನು ಬಿಡಿಸಿ ಹೇಳುವುದಿಲ್ಲ. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಇಂಥ 570 ಪದಕುಟುಂಬಗಳ ಪಟ್ಟಿ ಪ್ರಕಟಿಸಿದರು. ಅನಲೈಜ್, ಅನಲಿಸಿಸ್, ಅನಲಿಟಿಕಲ್ ಮೂರೂ ಸೇರಿ ಅಲ್ಲಿ ಒಂದೇ ಲೆಕ್ಕ. ಅವರು ಜಾಲಾಡಿದ ಶೈಕ್ಷಣಿಕ ಬರಹಗಳಲ್ಲಿ ಸುಮಾರು ಶೇ. 10ರಷ್ಟು ಪದಗಳು ಈ ಪಟ್ಟಿಯವೇ. ಅದನ್ನು ಉರುಹೊಡೆಯಬೇಡ. ಓದುವಾಗ ಅಡ್ಡ ಬಂದ ಪದ ಅದರಲ್ಲಿದೆಯಾ ನೋಡು, ಇದ್ದರೆ ಅದರ ಮೇಲೆ ಹೊತ್ತು ಹಾಕು.

ಬರೀ ಅರ್ಥ ಬರೆದು ಮುಗಿಸಬೇಡ. ಪದ ಬಂದ ಇಡೀ ವಾಕ್ಯ ಬರೆದುಕೊ, ಅದರ ಅಕ್ಕಪಕ್ಕ ಯಾವ ಪದ ಕೂಡುತ್ತವೆ ಗಮನಿಸು. ಜೋರು ಮಳೆ ಇಂಗ್ಲಿಷಿನಲ್ಲಿ 'ಹೆವಿ ರೇನ್'. 'ಸ್ಟ್ರಾಂಗ್ ರೇನ್' ಅಂದರೆ ವ್ಯಾಕರಣ ತಪ್ಪಲ್ಲ, ಆದರೆ ಹಾಗೆ ಅನ್ನುವ ರೂಢಿಯಿಲ್ಲ. ನಮ್ಮ ಸಾಲಿ ಮಕ್ಕಳ ಪ್ರಬಂಧದಲ್ಲಿ ನಾ ತಿದ್ದುವುದರಲ್ಲಿ ಹೆಚ್ಚಿನವು ಇಂಥವೇ. 'ಸಿಗ್ನಿಫಿಕಂಟ್' ಬಗ್ಗೆ ಇನ್ನೂ ಎಚ್ಚರ ಬೇಕು. ದಿನಪತ್ರಿಕೆಯಲ್ಲಿ ಅದು ಮಹತ್ವದ್ದು ಅಂತ; ನಿನ್ನ ಪ್ರಯೋಗದ ವರದಿಯಲ್ಲಿ ಸಂಖ್ಯಾಶಾಸ್ತ್ರದ ಪರೀಕ್ಷೆ ದಾಟಿದ ಫಲಿತಾಂಶಕ್ಕೆ ಮಾತ್ರ ಅದನ್ನು ಬಳಸಬೇಕು. ಇಳುವರಿ ಕಣ್ಣಿಗೆ ಹೆಚ್ಚು ಕಂಡಿತಂತ ಹಾಗೆ ಬರೆದರೆ ನಿನಗೆ ಮಾರ್ಗದರ್ಶನ ಮಾಡುವ ಗೈಡ್ ಒಪ್ಪುವುದಿಲ್ಲ.

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದು ಮೊದಲ ಕೆಲವು ತಾಸುಗಳಲ್ಲೇ ಹೆಚ್ಚು ಮರೆತುಹೋಗುತ್ತದೆ ಎಂದು 1885ರಲ್ಲೇ ತೋರಿಸಿದ. ಆದ್ದರಿಂದ ಬರೆದ ಪದವನ್ನು ಮರುದಿನ ನೋಡು, ಮತ್ತೆ ಮೂರು ದಿನ ಬಿಟ್ಟು, ಆಮೇಲೆ ವಾರಕ್ಕೆ. ಅರ್ಥದ ಮೇಲೆ ಕೈಯಿಟ್ಟು ಮುಚ್ಚಿ, ಮೊದಲು ನೆನಪಿಸಿಕೊ. ದಿನಕ್ಕೆ ಐದಾರು ಪದ ಸಾಕು.

ಲೇಖನದ ಉಳಿದ ಪುಟಗಳಲ್ಲಿ ಎಲ್ಲೆಲ್ಲಿ ನಿಂತಿ ಅಂತ ಗುರುತು ಹಾಕಿಡು. ರವಿವಾರ ಬಾಗಲಕೋಟೆಗೆ ಬರ್ತೀನಿ, ಕೂಡಿ ಓದೋಣ.

ನಿನ್ನ ಅವ್ವ