ಸ್ಕೂಟರು ಸಿದ್ಧವಾಗಿದೆ, ಒಂದು ತಪ್ಪೂ ಆಗಿದೆ

ಚಿಕ್ಕಮಗಳೂರು
ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ಎರಡು ತಿಂಗಳಿಂದ ನೀನು ಸ್ಕೂಟರಿನ ಫೋಟೋ ಕೇಳುತ್ತಿದ್ದೀಯ. ನಾನು ಪಿಸ್ಟನ್ನಿನದು, ಕಾರ್ಬ್ಯುರೇಟರಿನದು, ಒಮ್ಮೆ ಮೇಸ್ತ್ರಿಯ ಎಣ್ಣೆ ಮೆತ್ತಿದ ಕೈಯದು ಕಳುಹಿಸಿದೆ. ಪಕ್ಕದಲ್ಲಿ ಸಾಮಾನಿಡುವ ಡಿಕ್ಕಿಯ ಫೋಟೋ ಮಾತ್ರ ಕಳುಹಿಸಲಿಲ್ಲ. ನೀನು ಗಮನಿಸಿರಲಿಕ್ಕಿಲ್ಲ. ಗಮನಿಸದಿರಲಿ ಎಂದೇ ಉಳಿದದ್ದನ್ನೆಲ್ಲ ಅಷ್ಟು ಧಾರಾಳವಾಗಿ ಕಳುಹಿಸಿದ್ದು. ಫೋನಿನಲ್ಲಿ ಹೇಳಿಬಿಡೋಣವೆಂದು ಮೂರು ಸಲ ಕರೆ ಮಾಡಿ, ಮೂರು ಸಲವೂ ಮಳೆಯ ಮಾತಾಡಿ, ಕಾಫಿ ರೇಟಿನ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಒಳ್ಳೆಯ ಸುದ್ದಿ ಮೊದಲು: ನಿಮ್ಮಪ್ಪನ ಬಜಾಜ್ ಚೇತಕ್ ಸ್ಟಾರ್ಟ್ ಆಗಿದೆ.

ಹನ್ನೊಂದು ವರ್ಷ ಸೌದೆ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿ. ಮೊದಲ ದಿನ ಕಿಕ್ ಮೇಲೆ ಕಾಲಿಟ್ಟರೆ ಕಲ್ಲಿನ ಮೇಲೆ ಇಟ್ಟ ಹಾಗಿತ್ತು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ನಾನು ಇನ್ನೊಂದು ಸಲ ಜೋರಾಗಿ ತುಳಿಯಲು ಹೋದಾಗ ಮೇಸ್ತ್ರಿ ಬೈದರು. ಪ್ಲಗ್ ಬಿಚ್ಚಿ, ಆ ತೂತಿನಿಂದ ಒಂದು ಲೋಟ ಡೀಸೆಲ್ ಸುರಿದು, ‘ಒಂದು ವಾರ ಇದರ ಮುಖ ನೋಡಬೇಡಿ’ ಎಂದು ಹೊರಟೇಹೋದರು. ಎಂಟು ದಿನ ಕಳೆದ ಮೇಲೆ ಬಂದು ನಾಲ್ಕನೇ ಗೇರಿಗೆ ಹಾಕಿ, ಗಾಡಿಯನ್ನು ತೊಟ್ಟಿಲಿನ ಹಾಗೆ ಹಿಂದಕ್ಕೆ ಮುಂದಕ್ಕೆ ತೂಗಿದರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಳಗಿನಿಂದ ‘ಟಕ್’ ಎಂದಿತು. ಚಕ್ರ ಗೇಣುದ್ದ ಉರುಳಿತು.

ಸಿಲಿಂಡರಿನ ಒಳಗೆ ತುಕ್ಕಿನ ಬಳೆ ಬಿದ್ದಿತ್ತು, ಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ತುಸು ಕೊರೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು. ಈ ಎಂಜಿನ್ನಿನ ಲೆಕ್ಕ ಚೆಂದವಾಗಿದೆ ನೋಡು, ಕಂಪನಿಯಿಂದ ಬಂದಾಗ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 57 ಮಿ.ಮೀ.; ಪಿಸ್ಟನ್ ಓಡಾಡುವ ದೂರ, ಅಂದರೆ ಸ್ಟ್ರೋಕೂ 57. ಅದರಿಂದ ಸಿಲಿಂಡರಿನ ಗಾತ್ರ ಲೆಕ್ಕ ಹಾಕಿದರೆ 145.45 ಸಿ.ಸಿ. ನಾವೆಲ್ಲ ಅದನ್ನು ‘ನೂರೈವತ್ತು’ ಎಂದು ಸುಮ್ಮನೆ ದೊಡ್ಡದು ಮಾಡಿ ಹೇಳುತ್ತಿದ್ದೆವು.

ಮೊದಲ ಸಲ ಸ್ಟಾರ್ಟ್ ಆದಾಗ ನಡೆದದ್ದನ್ನು ಹೇಳಲೇಬೇಕು. ಮೂರನೇ ಕಿಕ್ಕಿಗೆ ಹಿಡಿಯಿತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಎಂಜಿನ್ ತನ್ನಷ್ಟಕ್ಕೆ ತಾನೇ ಏರತೊಡಗಿತು. ಎಕ್ಸಲರೇಟರ್ ಪೂರ್ತಿ ಬಿಟ್ಟಿದ್ದೇನೆ, ಆದರೂ ಕೂಗು ಏರುತ್ತಲೇ ಇದೆ. ಪಕ್ಕದ ಮನೆಯವರು ಹೊರಗೆ ಬಂದರು. ಮೇಸ್ತ್ರಿ ಓಡಿಬಂದು ಚೋಕ್ ಎಳೆದ ಮೇಲೆ ಕೆಮ್ಮಿ ನಿಂತಿತು. ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಎಂಬ ರಬ್ಬರ್ ಬಳೆ ಒಣಗಿ ಗಟ್ಟಿಯಾಗುತ್ತದೆಯಂತೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಅಲ್ಲಿಂದ ಗಾಳಿ ಕದಿಯುತ್ತದೆ, ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿ ಹೀಗೆ ಹುಚ್ಚೆದ್ದು ಓಡುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನೇ ಕುಡಿದು ಬಿಳಿ ಹೊಗೆ ಬಿಡುತ್ತದೆ. ಎರಡನ್ನೂ ಬದಲಿಸಿದೆವು. ಅದಕ್ಕಾಗಿ ಎಂಜಿನ್ ಮತ್ತೆ ಇಳಿಸಿ ಕೇಸನ್ನು ಎರಡು ಹೋಳು ಮಾಡಬೇಕಾಯಿತು. ಮೊದಲೇ ಮಾಡಿಸಿದ್ದರೆ ಒಂದು ವಾರ ಉಳಿಯುತ್ತಿತ್ತು. ‘ಈಗಲೇ ಬೇಡ ಬಿಡಿ’ ಎಂದವನು ನಾನೇ.

ಎಂಜಿನ್ನಿಗಿಂತ ಹೆಚ್ಚು ಕಾಡಿದ್ದು ತಗಡು. ಲ್ಯಾಂಬ್ರೆಟ್ಟಾ ಬಿಚ್ಚಿದರೆ ಒಳಗೆ ಕೊಳವೆಯ ಚಾಸಿ ಇರುತ್ತದೆ, ಮೇಲಿನ ತಗಡು ಹೋದರೂ ಎಲುಬು ಉಳಿಯುತ್ತದೆ. ವೆಸ್ಪಾ ವಂಶದ ಈ ಗಾಡಿಗಳಲ್ಲಿ ತಗಡೇ ಎಲುಬು. ಕಾಲಿಡುವ ಜಾಗದ ರಬ್ಬರ್ ಪಟ್ಟಿಗಳ ಅಡಿಯಲ್ಲಿ ನೀರು ನಿಂತು, ಸ್ಟ್ಯಾಂಡ್ ಕೂರುವ ಕಡೆ ನೀರು ನಿಂತು, ನಮ್ಮ ಊರಿನ ಮಳೆಗಾಲಗಳನ್ನೆಲ್ಲ ಅದು ಕುಡಿದಿತ್ತು. ಮೇಲೆ ಬಣ್ಣ ನೆಟ್ಟಗಿದೆ, ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಪುಟ್ಟಿ ಮೆತ್ತಿ ಮುಚ್ಚಿಕೊಡುವವರು ಇದ್ದಾರೆ. ಮುಚ್ಚಿಸಿದ್ದರೆ ನಿನ್ನ ಖರ್ಚು ಅರ್ಧಕ್ಕೆ ಇಳಿಯುತ್ತಿತ್ತು, ಯಾವುದೋ ಗುಂಡಿಯಲ್ಲಿ ಗಾಡಿ ಎರಡು ತುಂಡಾಗುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಿದ್ದೇವೆ. ಬೆಸುಗೆಯವರು ತೋಟದ ಜೀಪುಗಳನ್ನೇ ನೋಡಿ ಬೆಳೆದವರು. ನಿನಗೆ ಗೊತ್ತಲ್ಲ, ಈ ಜಿಲ್ಲೆಯಲ್ಲಿ ವಿಲ್ಲಿಸ್ ಜೀಪು ಹಳೆಯ ಗಾಡಿ ಎನಿಸಿಕೊಳ್ಳುವುದೇ ಇಲ್ಲ, ಗೊಬ್ಬರ ಹೊರುವ ಗಾಡಿ ಅಷ್ಟೇ. ಆ ಮನುಷ್ಯ ಒಂದೇ ಸಮನೆ ಬೆಸೆಯಲಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಒಂದು ಬೀಡಿ. ಶಾಖಕ್ಕೆ ತಗಡು ಸೊಟ್ಟಗಾಗದಿರಲಿ ಎಂದು ಚುಕ್ಕಿ, ಬೀಡಿ ತನಗಾಗಿ.

ಈಗ ಬಣ್ಣದ ವಿಷಯ. ತಪ್ಪು ಆದದ್ದೂ ಅಲ್ಲೇ.

‘ಷೋರೂಮಿನಿಂದ ಬಂದ ದಿನ ಹೇಗಿತ್ತೋ ಹಾಗೇ ಮಾಡಿಸು’ ಎಂದಿದ್ದೆ ನೀನು. ಆ ದಿನವನ್ನು ನೀನೂ ನೋಡಿಲ್ಲ, ನಾನೂ ನೋಡಿಲ್ಲ. 1978ರಲ್ಲಿ ನೀನು ಈಗ ಕುಳಿತಿರುವ ಪುಣೆಯ ಆಕುರ್ಡಿ ಕಾರ್ಖಾನೆಯಿಂದ ಬಂದ ಗಾಡಿ. ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಮೊದಲ ಬಣ್ಣ ಯಾವುದು ಎಂದು ತಿಳಿಯಲು ಪೆಟ್ರೋಲ್ ಟ್ಯಾಂಕ್ ಇಳಿಸಿ ನೋಡಬೇಕು, ಅಲ್ಲಿಗೆ ಮರುಬಣ್ಣ ಹೊಡೆಯುವವನ ಗನ್ ತಲುಪಿರುವುದಿಲ್ಲ. ಇಳಿಸಿದೆವು. ನಾವು ಚಿಕ್ಕಂದಿನಿಂದ ಹಸಿರು ಎಂದು ಕಂಡ ಗಾಡಿಯ ಹೊಟ್ಟೆಯೊಳಗೆ ತಿಳಿ ಬೂದುನೀಲಿ! ನನಗೆ ಹುರುಪು ಬಂತು. ಇಡೀ ಗಾಡಿಯನ್ನು ಆ ಬಣ್ಣಕ್ಕೇ ತರೋಣ ಎಂದು, ಬಣ್ಣದ ಅಂಗಡಿಯ ಹುಡುಗನಿಗೆ ಬಿಚ್ಚಿದ ಭಾಗಗಳನ್ನೆಲ್ಲ ಕೊಟ್ಟು, ‘ಹಳೆಯದು ಒಂದು ಚೂರೂ ಉಳಿಯಬಾರದು’ ಎಂದು ತಾಕೀತು ಮಾಡಿ ಬಂದೆ.

ಎಡಗಡೆಯ ಡಿಕ್ಕಿಯ ಮುಚ್ಚಳ ನೆನಪಿದೆಯೇ? ದನಗಳ ಡಾಕ್ಟರಲ್ಲವೇ ನಿಮ್ಮಪ್ಪ, ಅದರ ಒಳಮೈಯಲ್ಲಿ ಸ್ಕೂಟರಿಗೂ ಕೇಸ್ ಷೀಟ್ ಬರೆದಿಟ್ಟಿದ್ದರು. ಆಸ್ಪತ್ರೆಯಲ್ಲಿ ಗಾಜಿನ ಮೇಲೆ ಗುರುತು ಹಾಕುವ ಮೇಣದ ಪೆನ್ಸಿಲಿನಲ್ಲಿ. ಹಸುವಿಗೆ ಬರೆಯುವ ಹಾಗೆಯೇ: ತಾರೀಕು, ರೋಗ, ಕೊಟ್ಟ ಚಿಕಿತ್ಸೆ. ನಾನು ಮೊದಲ ದಿನವೇ ನೋಡಿದೆ, ನಕ್ಕೆ, ನಿನಗೆ ಫೋಟೋ ತೆಗೆದು ಕಳುಹಿಸಬೇಕು ಎಂದುಕೊಂಡೆ. ಕೈಯೆಲ್ಲ ಗ್ರೀಸ್ ಆಗಿತ್ತು. ಆಮೇಲೆ ತೆಗೆದರಾಯಿತು ಎಂದು ಬಿಟ್ಟೆ.

ಸಂಜೆ ಅಂಗಡಿಗೆ ಹೋದರೆ ಮುಚ್ಚಳ ತಂತಿಗೆ ನೇತುಬಿದ್ದಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಯ ಹಾಗೆ ಹೊಳೆಯುತ್ತಾ. ಪೇಂಟ್ ರಿಮೂವರ್ ಸವರಿ, ಎರಡೂ ಕಡೆ ಚೊಕ್ಕಟವಾಗಿ ಉಜ್ಜಿದ್ದ. ‘ಒಳಗಡೆ ಕೂಡ ಬಿಟ್ಟಿಲ್ಲ ಸರ್’ ಎಂದ. ಶಾಭಾಸ್ ಎನ್ನಲಿ ಎಂದು ನನ್ನ ಮುಖ ನೋಡುತ್ತಿದ್ದ. ಅವನಿಗೆ ಏನು ಹೇಳಲಿ? ಒಂದು ಚೂರೂ ಉಳಿಯಬಾರದು ಎಂದವನು ನಾನು. ಚೆನ್ನಾಗಿದೆ ಎಂದೆ. ಮನೆಗೆ ಬಂದು ಆ ರಾತ್ರಿ ಊಟ ಮಾಡಲಿಲ್ಲ.

ನೆನಪಿರುವಷ್ಟನ್ನು ಅಂದೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಬೋರ್ ಎರಡು ಸಲ. ಕ್ಲಚ್ ಪ್ಲೇಟ್ ಎಷ್ಟೋ ಸಲ. ‘ಕ್ಲಚ್ ಕೇಬಲ್, ಮಲ್ಲಂದೂರು, ರಾತ್ರಿ’ ಎಂದು ಒಂದು ಸಾಲು. ಅಂದರೆ ಆ ದಾರಿಯಲ್ಲಿ ಕೇಬಲ್ ತುಂಡಾಗಿ ರಾತ್ರಿ ಎಲ್ಲೋ ನಿಂತಿದ್ದಾರೆ. ಸ್ಕೂಟರಿಗೆ ಸಂಬಂಧವೇ ಇಲ್ಲದ ಇನ್ನೊಂದು ಸಾಲಿತ್ತು: ‘ಅವಳಿ ಕರು, ಮೂರೂ ಕ್ಷೇಮ.’ ತಾರೀಕುಗಳು ಒಂದೂ ನೆನಪಿಗೆ ಬರುತ್ತಿಲ್ಲ.

ನಿನಗೆ ಹೇಳುವ ಮೊದಲು ನಿಮ್ಮಮ್ಮನಿಗೆ ಹೇಳಿದೆ. ಅದೂ ಹೇಡಿತನವೇ, ಗೊತ್ತು. ಅಮ್ಮ ಬೈಯಲಿಲ್ಲ. ‘ಅವರ ಅಕ್ಷರ ಮೆಡಿಕಲ್ ಷಾಪಿನವರಿಗೆ ಬಿಟ್ಟರೆ ಯಾರಿಗೆ ಓದಲು ಬರುತ್ತಿತ್ತು, ನಿನಗೆ ಹೇಗೆ ಬಂತು?’ ಎಂದರು. ಅವಳಿ ಕರುವಿನ ಸಾಲು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ರಾತ್ರಿ ಡಾಕ್ಟರು ಬಂದಾಗ ಎರಡು ಗಂಟೆ ದಾಟಿತ್ತಂತೆ, ಅಂಗಿಯೆಲ್ಲ ರಕ್ತ. ಮೂರನೆಯ ದಿನ ಆ ಮನೆಯವರು ಗಿಣ್ಣದ ಹಾಲು ಕೊಟ್ಟು ಕಳುಹಿಸಿದರು. ಅದನ್ನು ಡಿಕ್ಕಿಯಲ್ಲಿಟ್ಟುಕೊಂಡು ಬರುವಾಗ ಅರ್ಧ ಚೆಲ್ಲಿ, ತಿಂಗಳುಗಟ್ಟಲೆ ಡಿಕ್ಕಿ ತೆರೆದರೆ ನಾತ. ‘ಉಳಿದದ್ದರಲ್ಲಿ ಗಿಣ್ಣು ಮಾಡಿದ್ದೆ, ನೀನೂ ತಿಂದಿದ್ದೀಯ’ ಎಂದರು. ನನಗೆ ನೆನಪಿಲ್ಲ. ನಿನಗಿದೆಯೇ?

ಮಾರನೆಯ ಬೆಳಿಗ್ಗೆ ಹೋಗಿ ಬಣ್ಣದ ಕೆಲಸ ನಿಲ್ಲಿಸಿದೆ. ಇಲ್ಲಿಂದ ಮುಂದೆ ನಿನ್ನನ್ನು ಕೇಳದೆಯೇ ಮಾಡಿದ್ದೇನೆ, ಬೈಯುವುದಿದ್ದರೆ ಎರಡಕ್ಕೂ ಸೇರಿಸಿ ಬೈದುಬಿಡು. ಉಜ್ಜಿ ಹೋದ ಭಾಗಗಳಿಗೆ ಮತ್ತು ಹೊಸ ತಗಡಿಗೆ ಮಾತ್ರ ಬಣ್ಣ. ಅದೂ ಬೂದುನೀಲಿಯಲ್ಲ, ನಾವು ಕಂಡ ಹಸಿರು. ಹೊಂದಿಸಲು ಆ ಹುಡುಗ ನಾಲ್ಕು ಸಲ ಕಲಸಿದ, ಆದರೂ ಬಿಸಿಲಿನಲ್ಲಿ ತೇಪೆ ಕಾಣುತ್ತದೆ. ಮುಂದಿನ ಮಡ್‌ಗಾರ್ಡಿನ ನೆಗ್ಗು ಹಾಗೇ ಇದೆ, ಅದು ನೀನು ಮಾಡಿದ್ದು, ನಾನು ಹಿಂದೆ ಕುಳಿತಿದ್ದೆ. ಔಷಧದ ಪೆಟ್ಟಿಗೆಗಾಗಿ ಡಾಕ್ಟರು ಹಿಂದೆ ಬೆಸೆಸಿದ್ದ ಕಬ್ಬಿಣದ ಕ್ಯಾರಿಯರನ್ನೂ ಕತ್ತರಿಸಿಲ್ಲ. ಕಂಪನಿಯ ಗಾಡಿಗೆ ಅದು ಇರಲಿಲ್ಲ ನಿಜ. ಹಳೆಯ ಗಾಡಿಗಳ ಪ್ರದರ್ಶನದಲ್ಲಿ ತೀರ್ಪುಗಾರರು ಅಂಕ ಕಳೆಯುತ್ತಾರೆ, ಕಳೆಯಲಿ. ಕಾರ್ಖಾನೆಯಲ್ಲಿ ಅದು ಇದ್ದದ್ದು ಕೆಲವು ದಿನ, ಡಾಕ್ಟರ ಕೈಯಲ್ಲಿ ಇದ್ದದ್ದು ಮೂವತ್ತೇಳು ವರ್ಷ.

ಕಾಗದಪತ್ರದ ಕಡೆಗೆ ನೀನೇ ಬರಬೇಕು. ಆರ್‌ಸಿ ಇನ್ನೂ ನಿಮ್ಮಪ್ಪನ ಹೆಸರಿನಲ್ಲಿದೆ. ವಾರಸುದಾರರಿಗೆ ವರ್ಗಾಯಿಸಲು ನಮೂನೆ 31, ಜೊತೆಗೆ ಮರಣ ಪ್ರಮಾಣಪತ್ರ ಬೇಕು, ನೋಂದಣಿ ನವೀಕರಣಕ್ಕೆ ನಮೂನೆ 25. ಇಪ್ಪತ್ತು ವರ್ಷ ದಾಟಿದ ದ್ವಿಚಕ್ರ ವಾಹನದ ನವೀಕರಣ ಶುಲ್ಕವನ್ನು 2025ರಲ್ಲಿ 2,000 ರೂಪಾಯಿಗೆ ಏರಿಸಿದ್ದಾರೆ, ತಡವಾದದ್ದಕ್ಕೆ ದಂಡ ಬೇರೆ. ಗಾಡಿಗೆ ಐವತ್ತು ತುಂಬಿದ ಮೇಲೆ ವಿಂಟೇಜ್ ಎಂದು ನೋಂದಾಯಿಸೋಣವೇ ಎಂದು ನೀನು ಕೇಳಿದ್ದೆ. ಬೇಡ. 2021ರ ಆ ನಿಯಮದಲ್ಲಿ ಹತ್ತು ವರ್ಷಕ್ಕೆ 20,000 ರೂಪಾಯಿ ಶುಲ್ಕ. ಅದು ಹೋಗಲಿ ಎಂದರೆ, ಆಮೇಲೆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ತರಕಾರಿ ತರಲು ಹೋಗದ ಸ್ಕೂಟರನ್ನು ಇಟ್ಟುಕೊಂಡು ಏನು ಮಾಡುತ್ತೀಯ? ಅಲ್ಲಿಯವರೆಗೆ ನಾನೂ ಅದನ್ನು ರಸ್ತೆಗೆ ಇಳಿಸುವುದಿಲ್ಲ. ನಿಮ್ಮ ಅಂಗಳದಲ್ಲೇ ಗೇಟಿನಿಂದ ಬಾವಿಯವರೆಗೆ, ಬಾವಿಯಿಂದ ಗೇಟಿನವರೆಗೆ ಹೊಡೆಯುತ್ತಿದ್ದೇನೆ. ಎರಡನೇ ಗೇರಿಗಿಂತ ಮೇಲೆ ಹೋಗಲು ಜಾಗ ಸಾಲದು. ಹಾರ್ನಿನ ಸದ್ದು ಮೊದಲಿನ ಹಾಗೆಯೇ, ಎಂಜಿನ್ ಏರಿದರೆ ಏರುತ್ತದೆ, ಇಳಿದರೆ ಗೊಣಗುತ್ತದೆ. ಹೊಗೆ ಅಡುಗೆಮನೆಗೆ ಬರುತ್ತದೆ ಎಂದು ಅಮ್ಮ ಗೊಣಗುತ್ತಾರೆ, ಆದರೆ ಕಿಟಕಿ ಮುಚ್ಚಿದ್ದನ್ನು ನಾನು ಕಂಡಿಲ್ಲ.

ಖರ್ಚು ಒಟ್ಟು 38,400 ಆಗಿದೆ, ಚೀಟಿಗಳನ್ನು ಇಟ್ಟಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋದ ಬಸ್ ಚಾರ್ಜು ನನ್ನದು. ಮುಚ್ಚಳದ ಬಾಬ್ತು ಎಂದು ತಿಳಿದುಕೋ.

ಆ ಮುಚ್ಚಳದ ಒಳಮೈಗೆ ರೆಡ್ ಆಕ್ಸೈಡ್ ಮಾತ್ರ ಹೊಡೆಸಿದ್ದೇನೆ, ಮೇಲೆ ಹಸಿರು ಹಾಕಿಸಿಲ್ಲ. ನೆನಪಿನಿಂದ ಬರೆದ ಹಾಳೆಯನ್ನು ಅಲ್ಲಿ ಅಂಟಿಸೋಣವೆಂದುಕೊಂಡು ಬಿಟ್ಟೆ. ಅದು ನನ್ನ ಅಕ್ಷರ, ಅಲ್ಲಿ ಹೊಂದುವುದಿಲ್ಲ. ಅಮ್ಮನ ಹತ್ತಿರ ಕೊಟ್ಟಿದ್ದೇನೆ, ಬಂದಾಗ ಓದು.

ನಾನು ಊರಲ್ಲಿಲ್ಲದಾಗ ನೀನು ಬಂದರೆ ಇಷ್ಟು ನೆನಪಿರಲಿ. ಮೊದಲ ಐನೂರು ಕಿಲೋಮೀಟರ್ ಪೆಟ್ರೋಲಿಗೆ ಲೀಟರಿಗೆ 30 ಮಿ.ಲೀ. ಆಯಿಲ್ ಹಾಕಬೇಕು ಎಂದು ಮೇಸ್ತ್ರಿ ಹೇಳಿದ್ದಾರೆ, ಆಮೇಲೆ 20 ಸಾಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ತೇವ ಎಳೆದುಕೊಳ್ಳುತ್ತದೆ, ನಮ್ಮ ಊರಿನ ಗಾಳಿಯಲ್ಲಿ ಕೇಳಬೇಕೇ. ಆದ್ದರಿಂದ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ಆರುವವರೆಗೆ ಬಿಡು. ಸ್ಟಾರ್ಟ್ ಮಾಡುವಾಗ ಕಾಕ್ ತೆರೆದು, ಚೋಕ್ ಎಳೆದು, ಎರಡು ಕಿಕ್. ಮೂರನೆಯದಕ್ಕೂ ಆಗದಿದ್ದರೆ ಡಾಕ್ಟರು ಮಾಡುತ್ತಿದ್ದ ಹಾಗೆ ಒಂದು ಸಲ ಓರೆ ಮಾಡಿ ನೋಡು. ಅದಕ್ಕೂ ಬಗ್ಗದಿದ್ದರೆ ಪ್ಲಗ್ ಬಿಚ್ಚಿ ಒರೆಸು. ಕೀಲಿ ದೇವರ ಮನೆಯ ಗೂಡಿನಲ್ಲಿದೆ.

ಇಂತಿ ನಿನ್ನ,
ಹಿಂದಿನ ಸೀಟಿನವನು