‘ಆಪರೇಷನ್ ಇಲ್ಲದೆ ಡಿಸ್ಕ್ ವಾಸಿ’: ಫಲಕ ಹೇಳದೇ ಬಿಡುವ ಮಾತು

ಮಾನ್ಯ ಸಂಪಾದಕರೇ,

ವಿ.ಸಿ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಮಂಡ್ಯ ಸೀಮೆಯಲ್ಲಿ ‘ಸೊಂಟ ಹಿಡ್ಕಂಡದೆ, ಕಾಲು ಸೆಳೀತದೆ’ ಎಂಬ ಮಾತು ಊರೂರಲ್ಲೂ ಕೇಳುತ್ತದೆ. ಬಸ್ ನಿಲ್ದಾಣದ ಗೋಡೆಯಲ್ಲಿ ಅದಕ್ಕೆ ಉತ್ತರವೂ ಸಿದ್ಧವಿರುತ್ತದೆ: ‘ಆಪರೇಷನ್ ಇಲ್ಲದೆ ಡಿಸ್ಕ್ ವಾಸಿ, ಗ್ಯಾರಂಟಿ’. ಡಿಸ್ಕ್ ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಈ ಗ್ಯಾರಂಟಿಯ ಗುಟ್ಟು ಸಣ್ಣದು. ಡಿಸ್ಕ್‌ನಿಂದ ಬಂದ ಸಿಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಸೆಳೆಯುವ ನರದ ನೋವು, ಬಹುಪಾಲು ಜನರಲ್ಲಿ 6ರಿಂದ 12 ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಎಣ್ಣೆ ಉಜ್ಜಿದವರು ಯಾರೋ, ಕೀರ್ತಿ ಅವರದು.

ಡಿಸ್ಕ್ ‘ಜಾರಿದೆ’ ಎನ್ನುತ್ತೇವೆ, ಅದು ಜಾರುವುದಿಲ್ಲ. ಅದರ ಹೊರಪೊರೆ ಬಿರಿದು, ಒಳಗಿನ ಮೆತ್ತನೆಯ ತಿರುಳು ಹೊರಬಂದು ನರದ ಬುಡಕ್ಕೆ ತಾಗುತ್ತದೆ. ಆದ್ದರಿಂದ ತುಳಿದು, ತಿರುಚಿ ‘ಕೂರಿಸಲು’ ಅಲ್ಲಿ ಏನೂ ಇಲ್ಲ. ಹೊರಬಂದ ತಿರುಳನ್ನು ರಕ್ತದ ಬಿಳಿಕಣಗಳೇ ತಿಂದು ಕರಗಿಸುತ್ತವೆ. ದೊಡ್ಡ ತುಂಡು ಹೊರಬಂದಿದ್ದರೆ ಅದು ಕುಗ್ಗುವ ಸಾಧ್ಯತೆ ಇನ್ನೂ ಹೆಚ್ಚು.

ಎಚ್ಚರಿಕೆಯ ಲಕ್ಷಣ (ಕೊನೆಯಲ್ಲಿ ಹೇಳಿದೆ) ಯಾವುದೂ ಇಲ್ಲದಿದ್ದರೆ ಮೊದಲ ಆರು ವಾರ ಎಂಆರ್‌ಐ ಬೇಕಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನವೊಂದರಲ್ಲಿ 20ರ ವಯಸ್ಸಿನ ಶೇ 30, 80ರ ವಯಸ್ಸಿನ ಶೇ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ವರದಿಯಲ್ಲಿ ‘ಬಲ್ಜ್’ ಎಂದು ಓದಿ ಕೆಲಸ ಬಿಟ್ಟು ಕೂರುವವರಿಗೆ ಇದು ತಿಳಿದಿರಲಿ.

ಹಾಗೆಂದು ಆರು ವಾರ ಮಲಗುವುದಲ್ಲ. ಹಾಸಿಗೆ ಒಂದೆರಡು ದಿನಕ್ಕೆ ಸಾಕು. ಆಮೇಲೆ ದಿನಕ್ಕೆ ಮೂರ್ನಾಲ್ಕು ಸಲ ಹತ್ತು ಹತ್ತು ನಿಮಿಷ ಸಮನೆಲದಲ್ಲಿ ನಡೆಯಬೇಕು. ಚಕ್ಕಳಮಕ್ಕಳ ಕೂರುವುದು, ಬಗ್ಗಿ ಕಳೆ ಕೀಳುವುದು, ಕಬ್ಬಿನ ಹೊರೆ ಎತ್ತುವುದು, ಸ್ಕೂಟರಿನಲ್ಲಿ ಗುಂಡಿ ಹಾರಿಸುವುದು ಸದ್ಯಕ್ಕೆ ಬೇಡ. ಬೋರಲು ಮಲಗಿ ಎರಡು ನಿಮಿಷ ಇದ್ದು, ಮೊಣಕೈ ಊರಿ ಎದೆ ಎತ್ತಿ. ಸಹಿಸಿದರೆ ಅಂಗೈ ಊರಿ, ಸೊಂಟ ಚಾಪೆಗೇ ಬಿಟ್ಟು, ಹತ್ತು ಸಲ ಏಳಿ. ಇಲ್ಲಿ ನೋಡಬೇಕಾದ್ದು ಒಂದೇ. ಮೀನಖಂಡದ ನೋವು ತೊಡೆಗೆ, ತೊಡೆಯದು ಪಿರ್ರೆಗೆ ಹಿಂದೆ ಸರಿದರೆ, ಸೊಂಟ ತುಸು ಹೆಚ್ಚು ನೊಂದರೂ, ದಾರಿ ಸರಿಯಿದೆ. ಎರಡು ಮೂರು ಗಂಟೆಗೊಮ್ಮೆ ಮಾಡಬಹುದು. ನೋವು ಪಾದದ ಕಡೆಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಒಬ್ಬರಿಗೆ ಒಗ್ಗಿದ ವ್ಯಾಯಾಮ ಇನ್ನೊಬ್ಬರಿಗೆ ಒಗ್ಗದಿರುವುದು ಇಲ್ಲಿಯೇ.

ಸೊಂಟ ಎಳೆಯುವ ಟ್ರ್ಯಾಕ್ಷನ್‌ನಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ವಾರಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಬಿಪಿ, ಶುಗರ್ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ನೋವು ತಡೆಯಲಾಗದಿದ್ದರೆ ನರದ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಉಂಟು. ಅದನ್ನು ಸಿ-ಆರ್ಮ್ ಎಕ್ಸ್‌ರೇ ಕೆಳಗೆ, ಮೊದಲು ಅದರಲ್ಲಿ ಕಾಣುವ ದ್ರಾವಣ ಬಿಟ್ಟು ಸೂಜಿ ಇರುವ ಜಾಗ ಖಚಿತ ಮಾಡಿಕೊಂಡೇ ಹಾಕಬೇಕು. ಅದು ತಿರುಳನ್ನು ಕರಗಿಸುವುದಿಲ್ಲ. ಉರಿಯೂತ ತಗ್ಗಿಸಿ ಕೆಲವು ವಾರ ನಿರಾಳ ಕೊಡುತ್ತದೆ, ಅಷ್ಟು ಹೊತ್ತು ದೇಹಕ್ಕೆ ತನ್ನ ಕೆಲಸ ಮಾಡಿಕೊಳ್ಳಲು ಬಿಡುವು ಸಿಗುತ್ತದೆ. ಕೆಲವು ದಿನ ಶುಗರ್ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು. ಒಂದು ಸೆಂಟಿಮೀಟರಿಗಿಂತ ಕಿರಿದಾದ ಗಾಯದಲ್ಲಿ ಕ್ಯಾಮೆರಾ ಕೊಳವೆ ತೂರಿಸಿ ತಿರುಳು ತೆಗೆಯುವ ಎಂಡೋಸ್ಕೋಪಿಯನ್ನು ‘ಆಪರೇಷನ್ ಅಲ್ಲ’ ಎಂದು ಮಾರುವವರಿದ್ದಾರೆ. ಗಾಯ ಚಿಕ್ಕದು, ನಿಜ. ಆದರೆ ಅದೂ ಆಪರೇಷನ್ನೇ, ಅದಾದ ಮೇಲೂ ಡಿಸ್ಕ್ ಮತ್ತೆ ಹೊರಬರಬಹುದು.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹತೋಟಿ ತಪ್ಪಿದರೆ, ಗುಹ್ಯಭಾಗ, ಆಸನದ ಸುತ್ತ ಜೋಮು ಹಿಡಿದರೆ ಅದೇ ರಾತ್ರಿ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುಹುರಿಯ ತುದಿಯಿಂದ ಕುದುರೆಯ ಬಾಲದಂತೆ ಇಳಿಯುವ ನರಗಳ ಗೊಂಚಲು ಅದುಮಿಹೋದಾಗ ಒಂದೆರಡು ದಿನ ತಡವಾದರೂ ಮೂತ್ರದ ಹತೋಟಿ ಮರಳದೇ ಹೋಗಬಹುದು. ಹಿಮ್ಮಡಿಯ ಮೇಲೆ, ತುದಿಗಾಲಿನ ಮೇಲೆ ನಡೆದು ನೋಡಿ. ಒಂದು ಪಾದ ಸೋತರೆ, ಚಪ್ಪಲಿ ಕಾಲಿನಿಂದ ಜಾರುತ್ತಿದ್ದರೆ ತಡಮಾಡದೆ ತಜ್ಞರಿಗೆ ತೋರಿಸಬೇಕು. ಜ್ವರ, ಕ್ಯಾನ್ಸರ್ ಹಿನ್ನೆಲೆ, ಕಾರಣವಿಲ್ಲದೆ ತೂಕ ಇಳಿತ ಇದ್ದವರೂ ಅಷ್ಟೇ.

‘ಗ್ಯಾರಂಟಿ ವಾಸಿ’ ಜಾಹೀರಾತು ಅಚ್ಚು ಹಾಕುವ ಪತ್ರಿಕೆಗಳು ಅದರ ಕೆಳಗೆ ಮೂತ್ರ, ಮಲ, ಜೋಮಿನ ಈ ಎಚ್ಚರಿಕೆಗೆ ಎರಡು ಸಾಲು ಜಾಗ ಕೊಡಲಿ.

– ಫಿಸಿಯೋಥೆರಪಿಸ್ಟ್‌ಗಳು, ಮಂಡ್ಯ