ನನಗಿಂತ ಮೊದಲು ನೋವುಂಡವರಿಗೆ

ಎಡ ಮೊಣಕಾಲಿನ ಕೀಲು ಬದಲಿ ಶಸ್ತ್ರಚಿಕಿತ್ಸೆ ಮುಗಿದು, ಹೊಲಿಗೆ ಒಣಗಿ, ಊರುಗೋಲಿಲ್ಲದೆ ಮನೆಯ ಮೆಟ್ಟಿಲು ಹತ್ತುವಷ್ಟು ಚೇತರಿಸಿಕೊಂಡಿದ್ದೇನೆ. ವಿಚಾರಿಸಿಕೊಂಡ ಎಲ್ಲರಿಗೂ ಧನ್ಯವಾದಗಳು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ, ರಾತ್ರಿ ಪಾಳಿಯ ದಾದಿಯರಿಗೆ, ನಾನು ಎಷ್ಟು ಗೊಣಗಿದರೂ ಕಾಲು ಮಡಿಸಿಯೇ ತೀರುತ್ತಿದ್ದ ಫಿಸಿಯೋಥೆರಪಿಸ್ಟ್‌ಗೆ ನನ್ನ ಕೃತಜ್ಞತೆಯನ್ನು ಎದುರಿನಲ್ಲಿಯೇ ಹೇಳಿ ಬಂದಿದ್ದೇನೆ. ಎದುರಿಗೆ ಸಿಗದ ಕೆಲವರು ಉಳಿದಿದ್ದಾರೆ. ಅವರೂ ನನ್ನದೇ ಕಾಯಿಲೆಯವರು. ಚಿಕಿತ್ಸೆ ಬರುವವರೆಗೆ ಕಾದಿರುವುದಷ್ಟೇ ರೋಗಿಯ ಪಾಲಿನ ಕೆಲಸವೆಂದು ಒಪ್ಪದವರು. ಈ ಬರಹ ಮುಖ್ಯವಾಗಿ ಅವರಿಗೆ.

ನನಗಿರುವುದು ತೀವ್ರ ಸ್ವರೂಪದ ಹಿಮೋಫಿಲಿಯಾ ಎ. ಶಾಲೆಯ ವಿಜ್ಞಾನ ಪಾಠದಲ್ಲಿ ಕುಸುಮ ರೋಗವೆಂದು ಓದಿದ ನೆನಪು ಹಲವರಿಗಿರಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ಎಂಬ ಪ್ರೋಟೀನ್ ನನ್ನ ರಕ್ತದಲ್ಲಿ ಸಹಜ ಮಟ್ಟದ ಶೇ 1ಕ್ಕಿಂತ ಕಡಿಮೆ. ಸಣ್ಣ ಗಾಯವಾದರೂ ನಮ್ಮಂಥವರು ಉಳಿಯುವುದಿಲ್ಲವೆಂದು ಜನ ಭಾವಿಸುತ್ತಾರೆ. ಆದರೆ ಬದುಕನ್ನು ಹೆಚ್ಚಾಗಿ ಕೆಡಿಸುವುದು ಹೊರಗೆ ಹರಿಯುವ ರಕ್ತವಲ್ಲ, ಮೊಣಕಾಲು, ಮೊಣಕೈ, ಪಾದದ ಕೀಲುಗಳ ಒಳಗೆ ಸದ್ದಿಲ್ಲದೆ ಸೇರುವ ರಕ್ತ. ಅದು ಮತ್ತೆ ಮತ್ತೆ ತುಂಬಿಕೊಂಡಂತೆ ಮೃದ್ವಸ್ಥಿ ಸವೆಯುತ್ತದೆ, ಕಾಲು ನೀಳವಾಗಿ ಚಾಚಲು ಬಾರದಾಗುತ್ತದೆ. ಚಿಕ್ಕವನಿದ್ದಾಗ ಒಂದು ಆಸ್ಪತ್ರೆಯಲ್ಲಿ ಇದನ್ನು ಸಂಧಿವಾತವೆಂದು ತಿಳಿದು ಆಸ್ಪಿರಿನ್ ಕೊಟ್ಟಿದ್ದರು. ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುತ್ತದೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಮ್ಮ ಕುಟುಂಬಕ್ಕೆ ಕಾಯಿಲೆಯ ಪೂರ್ಣ ಅರ್ಥವಾದದ್ದು ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಲ್ಲಿ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಅವರು ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದವರು, ಸ್ವತಃ ಹಿಮೋಫಿಲಿಯಾ ಇರುವವರು. ಇದೇ ಕಾಯಿಲೆ ಇಟ್ಟುಕೊಂಡು ಒಬ್ಬರು ವೈದ್ಯರಾಗಿದ್ದಾರೆ ಎಂಬ ಸಂಗತಿಯೊಂದೇ ನನ್ನ ತಾಯಿಗೆ ಆ ದಿನ ಯಾವ ಔಷಧಕ್ಕಿಂತಲೂ ಹೆಚ್ಚಿನ ಧೈರ್ಯ ಕೊಟ್ಟಿತು.

ಕೊರತೆಯಿರುವ ಆ ಫ್ಯಾಕ್ಟರನ್ನು ತುಂಬಿಕೊಳ್ಳಲು ನನ್ನ ಕೈಗೆ ನಾನೇ ಸೂಜಿ ಹಾಕಿಕೊಳ್ಳುವುದನ್ನು ಕಲಿಸಿದವನು ನನಗಿಂತ ಸ್ವಲ್ಪವೇ ದೊಡ್ಡವನಾದ ಇನ್ನೊಬ್ಬ ರೋಗಿ. ಫ್ಯಾಕ್ಟರ್ ಪುಡಿಯ ಸೀಸೆಗೆ ದ್ರಾವಣ ಬೆರೆಸಿದ ಮೇಲೆ ಅದನ್ನು ಕುಲುಕಬಾರದು, ನೊರೆ ಏಳುತ್ತದೆ. ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ತೋಳಿಗೆ ಪಟ್ಟಿ ಕಟ್ಟಿ, ರೆಕ್ಕೆಯಂಥ ಹಿಡಿಯಿರುವ ಚಿಟ್ಟೆ ಸೂಜಿಯನ್ನು ರಕ್ತನಾಳಕ್ಕೆ ಓರೆಯಾಗಿ ಇಳಿಸಿ, ಕೊಳವೆಯಲ್ಲಿ ರಕ್ತ ಕಾಣಿಸಿದ ಮೇಲೆ ಪಟ್ಟಿ ಸಡಿಲಿಸಿ, ಅವಸರವಿಲ್ಲದೆ ಒತ್ತಬೇಕು. ಸೀಸೆಯ ಮೇಲಿನ ಬ್ಯಾಚ್ ಚೀಟಿಯನ್ನು ಕಿತ್ತು ನೋಟ್‌ಬುಕ್ಕಿಗೆ ಅಂಟಿಸಿ, ಯಾವ ಕೀಲು, ಎಷ್ಟು ಹೊತ್ತಿಗೆ ಎಂದು ಬರೆಯಬೇಕು. ಇದಕ್ಕಿಂತ ದೊಡ್ಡದೊಂದನ್ನೂ ಅವನೇ ಕಲಿಸಿದ. ಊತ ಕಾಣುವುದಕ್ಕೆ ಸಾಕಷ್ಟು ಮೊದಲೇ ಕೀಲಿನೊಳಗೆ ಜುಮುಜುಮು ಎನ್ನುವ ಒಂದು ಬಿಸಿ ಶುರುವಾಗುತ್ತದೆ. ಅದು ಸ್ಕ್ಯಾನ್‌ಗೆ ಕಾಣಲಿ ಬಿಡಲಿ, ಕಾಯದೆ ಫ್ಯಾಕ್ಟರ್ ತೆಗೆದುಕೊಳ್ಳಬೇಕು. ವಿಶ್ವ ಹಿಮೋಫಿಲಿಯಾ ಒಕ್ಕೂಟದ ಮಾರ್ಗಸೂಚಿಯೂ ಚಿಕಿತ್ಸೆ ಸಾಧ್ಯವಾದಷ್ಟು ಬೇಗ, ಎರಡು ಗಂಟೆಯೊಳಗೆ ಆದರೆ ಒಳ್ಳೆಯದು ಎನ್ನುತ್ತದೆ, ಮತ್ತು 2020ರ ಅದರ ಮೂರನೇ ಆವೃತ್ತಿಯನ್ನು ರೂಪಿಸಿದ ಸಮಿತಿಗಳಲ್ಲಿ ವೈದ್ಯರ ಜೊತೆ ರೋಗಿಗಳೂ ಕುಳಿತಿದ್ದರು.

ಆ ಒಕ್ಕೂಟವನ್ನು 1963ರಲ್ಲಿ ಆರಂಭಿಸಿದ ಕೆನಡಾದ ಫ್ರಾಂಕ್ ಶ್ನಾಬೆಲ್ ಅವರಿಗೂ ಹಿಮೋಫಿಲಿಯಾ ಇತ್ತು. ಏಪ್ರಿಲ್ 17ರಂದು ನಾವು ಆಚರಿಸುವ ವಿಶ್ವ ಹಿಮೋಫಿಲಿಯಾ ದಿನ ಅವರ ಹುಟ್ಟುಹಬ್ಬ. ದೆಹಲಿಯಲ್ಲಿ 1983ರಲ್ಲಿ ಭಾರತದ ಒಕ್ಕೂಟವನ್ನು ಸ್ಥಾಪಿಸಿದ ಅಶೋಕ್ ವರ್ಮಾ ಅವರಿಗೂ ಇದೇ ಕಾಯಿಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹಿಮೋಫಿಲಿಯಾ ಸೇರಿರುವುದು ತಾನಾಗಿಯೇ ಒದಗಿಬಂದ ಭಾಗ್ಯವಲ್ಲ, ಇಂಥವರ ಸಂಘಟನೆಗಳು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದದ್ದರ ಫಲ.

ರೋಗಿಗಳನ್ನು ಕೇಳದೆ ಸಂಶೋಧನೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಯಿಲೆಯ ಚರಿತ್ರೆಯಲ್ಲಿ ಒಂದು ಕರಾಳ ಅಧ್ಯಾಯವಿದೆ. ಇಂಗ್ಲೆಂಡಿನ ಟ್ರೆಲೋರ್ ಎಂಬ ವಸತಿ ಶಾಲೆಯಲ್ಲಿ 1970 ಮತ್ತು 80ರ ದಶಕಗಳಲ್ಲಿ ಹಿಮೋಫಿಲಿಯಾ ಇದ್ದ ಮಕ್ಕಳಿಗೆ ಕಲುಷಿತ ಫ್ಯಾಕ್ಟರ್ ಕೊಡಲಾಯಿತು. ಹೆತ್ತವರಿಗೆ ಸರಿಯಾಗಿ ತಿಳಿಸದೆ ಆ ಮಕ್ಕಳನ್ನು ಸಂಶೋಧನೆಗೂ ಬಳಸಿಕೊಳ್ಳಲಾಯಿತು. ಹೆಚ್ಚಿನವರು ಎಚ್‌ಐವಿ ಮತ್ತು ಹೆಪಟೈಟಿಸ್‌ನಿಂದ ತೀರಿಕೊಂಡರು. ಬದುಕುಳಿದವರೂ ಮಡಿದವರ ಮನೆಯವರೂ ಪಟ್ಟು ಬಿಡದೆ ಹೋರಾಡಿದ್ದರಿಂದಲೇ ವಿಚಾರಣಾ ಆಯೋಗ ನೇಮಕವಾಗಿ, ಅದರ ವರದಿ 2024ರ ಮೇ ತಿಂಗಳಲ್ಲಿ ಹೊರಬಂತು. ನಾನು ಇಂದು ಅಂಜದೆ ಸಿರಿಂಜ್ ಹಿಡಿಯಲು ಕಾರಣವಾದ ಸುರಕ್ಷತೆಗೆ ಅವರು ತೆತ್ತ ಬೆಲೆ ದೊಡ್ಡದು.

ಅದೇ ಕಾಯಿಲೆಯ ಸಂಶೋಧನೆಯಲ್ಲಿ ಈಗ ರೋಗಿಗಳು ಪ್ರಶ್ನೆ ಕೇಳುವ ಸ್ಥಾನದಲ್ಲಿದ್ದಾರೆ. ವಿಶ್ವ ಒಕ್ಕೂಟದ ಅಧ್ಯಕ್ಷರಾಗಿದ್ದ, ಹಿಮೋಫಿಲಿಯಾ ಇರುವ ಮಾರ್ಕ್ ಸ್ಕಿನ್ನರ್ ಅವರ ಮುಂದಾಳತ್ವದ ಪ್ರೋಬ್ ಅಧ್ಯಯನದ ಪ್ರಶ್ನಾವಳಿ ಫ್ಯಾಕ್ಟರ್ ಪ್ರಮಾಣದ ಹಿಂದೆ ಬೀಳದೆ, ನೋವು ಎಷ್ಟಿದೆ, ಶಾಲೆ ಅಥವಾ ಕೆಲಸ ಎಷ್ಟು ತಪ್ಪಿತು ಎಂದು ವಿಚಾರಿಸುತ್ತದೆ. ದೋಷವಿರುವ ಜೀನಿನ ಬದಲು ಸರಿಯಾದ ಪ್ರತಿಯನ್ನು ಒದಗಿಸುವ ಜೀನ್ ಚಿಕಿತ್ಸೆಯ ಪ್ರಯೋಗಗಳು ಏನೇನನ್ನು ಅಳೆಯಬೇಕೆಂದು ರೋಗಿಗಳೂ ಸೇರಿ ತೀರ್ಮಾನಿಸಿದ ಪಟ್ಟಿಯಲ್ಲಿ ರಕ್ತಸ್ರಾವದ ಜೊತೆ ದೀರ್ಘಕಾಲದ ನೋವು, ಮಾನಸಿಕ ಆರೋಗ್ಯವೂ ಸೇರಿವೆ. ನಮ್ಮ ನೆರೆಯ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಐವರು ಇಂಥ ಚಿಕಿತ್ಸೆಗಾಗಿ ತಮ್ಮ ರಕ್ತದ ಆಕರಕೋಶಗಳನ್ನು ತಿದ್ದಿಸಿಕೊಳ್ಳಲು ಕಠಿಣವಾದ ಕೀಮೋಥೆರಪಿಗೂ ಒಪ್ಪಿ ಮುಂದೆ ಬಂದರು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಚಿಕಿತ್ಸೆಯ ನಂತರ ಗಮನಿಸಿದ ಅವಧಿಯಲ್ಲಿ ಅವರ ವಾರ್ಷಿಕ ರಕ್ತಸ್ರಾವದ ದರ ಸೊನ್ನೆ. ಅವರ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ; ನನ್ನ ನಮಸ್ಕಾರ ಅವರಿಗೆ ಸಲ್ಲಲಿ.

ಕೊನೆಯದಾಗಿ ನನ್ನ ಅಕ್ಕ. ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಜೊತೆಗಿದ್ದವಳು ಅವಳೇ. ಮುಟ್ಟಿನ ದಿನಗಳಲ್ಲಿ ಅವಳು ಅನುಭವಿಸುತ್ತ ಬಂದ ಅತಿಯಾದ ರಕ್ತಸ್ರಾವವನ್ನು ಮನೆಯಲ್ಲಾಗಲಿ ವೈದ್ಯರಲ್ಲಾಗಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೆಣ್ಣುಮಕ್ಕಳು ಈ ಕಾಯಿಲೆಯನ್ನು ಹೊತ್ತು ಮಕ್ಕಳಿಗೆ ದಾಟಿಸುವವರೇ ಹೊರತು ಅವರಿಗೇ ಕಾಯಿಲೆ ಇರುವುದಿಲ್ಲವೆಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಫ್ಯಾಕ್ಟರ್ ಮಟ್ಟ ಶೇ 40ಕ್ಕಿಂತ ಕಡಿಮೆಯಿದ್ದರೆ ಹೆಣ್ಣನ್ನೂ ಹಿಮೋಫಿಲಿಯಾ ಇರುವವಳೆಂದೇ ಪರಿಗಣಿಸಬೇಕೆಂದು ತಜ್ಞರು 2021ರಲ್ಲಿ ಸ್ಪಷ್ಟಪಡಿಸಿದ್ದಾರೆ. ಅಕ್ಕ ಈಗ ಪರೀಕ್ಷೆಗೆ ಒಪ್ಪಿದ್ದಾಳೆ. ಮುಂದಿನ ವಾರ ದಾವಣಗೆರೆಗೆ ಇಬ್ಬರೂ ಹೋಗುತ್ತಿದ್ದೇವೆ, ಈ ಸಲ ಚೀಟಿ ಅವಳ ಹೆಸರಿನಲ್ಲಿ.